ಹಿಮೆಜಿಯ ಬೇರಿಂಗ್ ಉಕ್ಕು: ಆಕ್ಸಿಜನ್ 30ರಿಂದ 5ಕ್ಕೆ ಇಳಿದದ್ದು ಹೇಗೆ, ಅಷ್ಟು ಸಾಲದೆ ಹೋದದ್ದು ಯಾಕೆ

ಬೇರಿಂಗ್ ಉಕ್ಕಿನ ಸಂಯೋಜನೆಯಲ್ಲಿ ಗುಟ್ಟೇನೂ ಇಲ್ಲ. ಸುಮಾರು 1% ಇಂಗಾಲ, 1.5% ಕ್ರೋಮಿಯಂ, ಅಷ್ಟಿಷ್ಟು ಸಿಲಿಕಾನ್ ಮತ್ತು ಮ್ಯಾಂಗನೀಸ್. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಪಾಕ. ಜಪಾನಿನಲ್ಲಿ ಎಸ್‌ಯುಜೆ2, ಯುರೋಪಿನಲ್ಲಿ 100ಸಿಆರ್6, ಅಮೆರಿಕದಲ್ಲಿ 52100, ನಮ್ಮ ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಇಎನ್31. ಆದರೂ ಒಂದು ಕಾರ್ಖಾನೆಯ ಉಕ್ಕಿನಿಂದ ಮಾಡಿದ ಬೇರಿಂಗ್ ಇನ್ನೊಂದು ಕಾರ್ಖಾನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ. ವ್ಯತ್ಯಾಸವಿರುವುದು ಶುಚಿತ್ವದಲ್ಲಿ, ಅಂದರೆ ಉಕ್ಕಿನೊಳಗೆ ಸಿಕ್ಕಿಬಿದ್ದ ಆಕ್ಸೈಡ್ ಕಣಗಳ ಸಂಖ್ಯೆ ಮತ್ತು ಗಾತ್ರದಲ್ಲಿ.

ಇದಕ್ಕೆ ಒಳ್ಳೆಯ ಪ್ರಕರಣ ಜಪಾನಿನ ಹಿಮೆಜಿಯಲ್ಲಿರುವ ಸಾನ್ಯೋ ಸ್ಪೆಷಲ್ ಸ್ಟೀಲ್. (ರೇಡಿಯೊ, ಟೀವಿ ಮಾಡುತ್ತಿದ್ದ ಸಾನ್ಯೋಗೂ ಇದಕ್ಕೂ ಸಂಬಂಧವಿಲ್ಲ. ಮಹಾರಾಷ್ಟ್ರದ ಖೋಪೋಲಿಯಲ್ಲಿ ಮಹೀಂದ್ರ ಜೊತೆ ಸೇರಿ ವಿಶೇಷ ಉಕ್ಕಿನ ಘಟಕಕ್ಕೆ ಕೈಹಾಕಿದ್ದು ಈ ಸಾನ್ಯೋ.) 1965ರಲ್ಲಿ ಸಾಲದ ಹೊರೆ ತಾಳಲಾರದೆ ಕೋರ್ಟಿನ ಮೂಲಕ ಪುನರ್ರಚನೆಗೆ ಹೋದ ಕಂಪನಿ, ಮುಂದಿನ ಎರಡೂವರೆ ದಶಕಗಳಲ್ಲಿ ಬೇರಿಂಗ್ ಉಕ್ಕಿನ ಶುಚಿತ್ವದಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಅದೂ ಅದಿರಿನಿಂದಲ್ಲ, ಗುಜರಿ ಕರಗಿಸುವ ವಿದ್ಯುತ್ ಕುಲುಮೆಯಿಂದ.

ಗಾಳಿಯಲ್ಲೇ ಕರಗಿಸಿ ಅಚ್ಚಿಗೆ ಸುರಿಯುತ್ತಿದ್ದ ಕಾಲದಲ್ಲಿ ಬೇರಿಂಗ್ ಉಕ್ಕಿನಲ್ಲಿ ಒಟ್ಟು ಆಕ್ಸಿಜನ್ 30 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 30 ಪಾಲು) ಆಸುಪಾಸಿನಲ್ಲಿರುತ್ತಿತ್ತು. ನಿರ್ವಾತ ಸಂಸ್ಕರಣೆ ಬಂದ ಮೇಲೆ ಅದು ಸುಮಾರು ಅರ್ಧವಾಯಿತು. ಲ್ಯಾಡಲ್ ಫರ್ನೆಸ್ (ಕರಗಿದ ಉಕ್ಕು ಹಿಡಿಯುವ ದೊಡ್ಡ ಪಾತ್ರೆ ಲ್ಯಾಡಲ್‌ನಲ್ಲೇ ಉಕ್ಕನ್ನು ಕಾಯಿಸಿ ಶುದ್ಧಗೊಳಿಸುವ ಘಟಕ) ಮತ್ತು ಆರ್‌ಎಚ್ ಎಂಬ ನಿರ್ವಾತ ಘಟಕ ಜೊತೆಯಾದಾಗ 10ರ ಕೆಳಗೆ ಇಳಿಯಿತು. ನೇರವಾಗಿ ಕೆಳಕ್ಕಿಳಿಯುವ ನಿರಂತರ ಎರಕ ಮತ್ತು ತಳದಿಂದ ಉಕ್ಕು ಇಳಿಸುವ ಕುಲುಮೆ ಸೇರಿದ ಮೇಲೆ, 1980ರ ದಶಕದ ಕೊನೆಯ ಹೊತ್ತಿಗೆ 5ರ ಸುತ್ತ ನಿಂತಿತು. ಈ ಸರಣಿಗೆ ಅವರು ಎಸ್‌ಎನ್‌ಆರ್‌ಪಿ ಎಂದು ಹೆಸರಿಟ್ಟರು. ಉರುಳು ದಣಿವಿನ (ಮತ್ತೆ ಮತ್ತೆ ಉರುಳಿ ಲೋಹ ಸೋಲುವುದರ) ಪರೀಕ್ಷೆಗಳಲ್ಲಿ ಬಾಳಿಕೆ ಹತ್ತು ಪಟ್ಟಿಗೂ ಮೀರಿ ಏರಿತು.

ಕಣ ಮಾಡುವ ಹಾನಿ

ಬೇರಿಂಗ್‌ನ ಗುಂಡು ರೇಸ್ (ಗುಂಡು ಓಡುವ ಉಂಗುರ) ಮೇಲೆ ಉರುಳುವಾಗ ತಾಗುವ ಜಾಗ ಒಂದು ಮಿಲಿಮೀಟರಿನಷ್ಟೂ ಅಗಲ ಇರುವುದಿಲ್ಲ. ಅಲ್ಲಿ ಬೀಳುವ ಒತ್ತಡ ಮಾತ್ರ 1ರಿಂದ 3 ಗಿಗಾ ಪ್ಯಾಸ್ಕಲ್. ಕತ್ತರಿಸುವ ಬಲ ಅತಿ ಹೆಚ್ಚಾಗಿರುವುದು ಮೇಲ್ಮೈಯಲ್ಲಿ ಅಲ್ಲ, ಅದರ ಕೆಳಗೆ 0.1ರಿಂದ 0.5 ಮಿ.ಮೀ. ಆಳದಲ್ಲಿ. ಆ ಪದರದಲ್ಲಿ ಒಂದು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಕಣ ಇದ್ದರೆ ಅದು ಉಕ್ಕಿನ ಜೊತೆ ಬಾಗುವುದಿಲ್ಲ. ಕಾದ ಉಕ್ಕು ತಣಿಯುವಾಗ ಅದರಷ್ಟು ಕುಗ್ಗುವುದೂ ಇಲ್ಲ, ಹಾಗಾಗಿ ಕಣದ ಸುತ್ತ ಎಳೆತ ಮೊದಲೇ ಉಳಿದಿರುತ್ತದೆ. ಕೋಟಿಗಟ್ಟಲೆ ಸುತ್ತುಗಳ ನಂತರ ಆ ಜಾಗವನ್ನು ಕತ್ತರಿಸಿ, ಪಾಲಿಶ್ ಮಾಡಿ, ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಸವರಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಣದ ಎರಡೂ ಬದಿಗೆ, ಉರುಳುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಬಿಳಿ ರೆಕ್ಕೆಗಳು ಕಾಣುತ್ತವೆ. ಪರಿಣತರು ಇದನ್ನು ಚಿಟ್ಟೆ ಎಂದೇ ಕರೆಯುತ್ತಾರೆ. ರೆಕ್ಕೆಯ ಬಿಳಿ ಭಾಗ ಸುತ್ತಲಿನ ಉಕ್ಕಿಗಿಂತ ಗಟ್ಟಿ, ಅದರ ಅಂಚಿನಲ್ಲೇ ಬಿರುಕು. ಬಿರುಕು ಮೇಲ್ಮೈ ತಲುಪಿದ ದಿನ ರೇಸ್‌ನಿಂದ ಚಕ್ಕೆ ಏಳುತ್ತದೆ, ಬೇರಿಂಗ್ ಸದ್ದು ಶುರುವಾಗುತ್ತದೆ.

ಎಲ್ಲ ಕಣಗಳೂ ಸಮಾನ ಪಾಪಿಗಳಲ್ಲ. ಮ್ಯಾಂಗನೀಸ್ ಸಲ್ಫೈಡ್ ಮೆತ್ತಗಿದ್ದು ರೋಲಿಂಗ್‌ನಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಅದರ ಹಾನಿ ಕಡಿಮೆ. ಅಲ್ಯುಮಿನಾ ಮತ್ತು ಸ್ಪಿನೆಲ್ (ಮ್ಯಾಗ್ನೀಷಿಯಂ, ಅಲ್ಯುಮಿನಿಯಂ ಕೂಡಿದ ಆಕ್ಸೈಡ್) ಗಟ್ಟಿ. ಕ್ಯಾಲ್ಸಿಯಂ ಅಲ್ಯುಮಿನೇಟ್ ದುಂಡಗೆ, ದಪ್ಪಗೆ ಬೆಳೆಯುತ್ತದೆ, ರೋಲಿಂಗ್‌ನಲ್ಲೂ ಒಡೆಯದೆ ಉಳಿಯುತ್ತದೆ. ಟೈಟಾನಿಯಂ ನೈಟ್ರೈಡ್ ಚೂಪು ಮೂಲೆಗಳ ಹರಳು: ಗಾತ್ರದಲ್ಲಿ ಸಣ್ಣದು, ಅದೇ ಗಾತ್ರದ ಆಕ್ಸೈಡ್‌ಗಿಂತ ಹಾನಿಯಲ್ಲಿ ದೊಡ್ಡದು.

ಕುಲುಮೆ: ಹೊಲಸು ಹುಟ್ಟುವ ಜಾಗ

ಕರಗಿದ ಉಕ್ಕಿನಲ್ಲಿ ಇಂಗಾಲ ಮತ್ತು ಆಕ್ಸಿಜನ್ ಪರಸ್ಪರ ಕಟ್ಟಿಹಾಕಿಕೊಂಡಿರುತ್ತವೆ. 1600 ಡಿಗ್ರಿಯಲ್ಲಿ ಎರಡರ ಶೇಕಡಾ ಪ್ರಮಾಣಗಳನ್ನು ಗುಣಿಸಿದರೆ ಸುಮಾರು 0.0025 ಬರಬೇಕು. ಇಂಗಾಲವನ್ನು 0.05%ಗೆ ಇಳಿಸಿದರೆ ಆಕ್ಸಿಜನ್ 500 ಪಿಪಿಎಂ. ಇಂಗಾಲ 0.5% ಇರುವಾಗಲೇ ಆಕ್ಸಿಜನ್ ಊದುವುದನ್ನು ನಿಲ್ಲಿಸಿದರೆ 50 ಪಿಪಿಎಂ.

100 ಟನ್ ಹೀಟ್ (ಒಂದು ಸಲಕ್ಕೆ ಕರಗಿಸುವ ಉಕ್ಕು) ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 500 ಪಿಪಿಎಂ ಅಂದರೆ 50 ಕೆ.ಜಿ. ಆಕ್ಸಿಜನ್. ಅದನ್ನು ಅಲ್ಯುಮಿನಿಯಂ ಹಾಕಿ ಹಿಡಿದರೆ 106 ಕೆ.ಜಿ. ಅಲ್ಯುಮಿನಾ ಉಕ್ಕಿನೊಳಗೇ ಹುಟ್ಟುತ್ತದೆ. ಮುಗಿದ ಉಕ್ಕಿನಲ್ಲಿ 5 ಪಿಪಿಎಂ ಬೇಕಿದ್ದರೆ ಇಡೀ ಹೀಟ್‌ನಲ್ಲಿ ಒಂದು ಕೆ.ಜಿ. ಚಿಲ್ಲರೆ ಮಾತ್ರ ಉಳಿಯಬಹುದು, ಮಿಕ್ಕ 105 ಕೆ.ಜಿ.ಯನ್ನು ಹೊರಹಾಕಬೇಕು. ಇಂಗಾಲವನ್ನು ಮೇಲೆಯೇ ಹಿಡಿದರೆ ಹುಟ್ಟುವುದೇ ಹತ್ತು ಕೆ.ಜಿ. ಆಸುಪಾಸು. ಹೇಗಿದ್ದರೂ ಕೊನೆಗೆ 1% ಇಂಗಾಲ ಬೇಕಾದ ಉಕ್ಕಿದು. ಸುಟ್ಟು ಕಳೆದು ಮತ್ತೆ ಚೀಲದಲ್ಲಿ ಇಂಗಾಲ ಸುರಿಯುವುದು ಸೋಮಾರಿ ಪದ್ಧತಿ.

ಹಾಗಿದ್ದೂ ಹಲವರು ಆ ಪದ್ಧತಿಗೇ ಅಂಟಿಕೊಳ್ಳಲು ಕಾರಣ ರಂಜಕ. ಅದನ್ನು ತೆಗೆಯಲು ಆಕ್ಸೈಡ್ ತುಂಬಿದ ಸ್ಲ್ಯಾಗ್ (ಉಕ್ಕಿನ ಮೇಲೆ ತೇಲುವ ಕರಗಿದ ಕಿಟ್ಟ), ಸುಣ್ಣ, ಕಡಿಮೆ ಶಾಖ ಬೇಕು. ಇಂಗಾಲ ಹೆಚ್ಚಿರುವಾಗ ಸ್ಲ್ಯಾಗ್‌ನಲ್ಲಿ ಐರನ್ ಆಕ್ಸೈಡ್ ನಿಲ್ಲುವುದಿಲ್ಲ. ಆದ್ದರಿಂದ ಶಾಖ ಏರುವ ಮೊದಲೇ ನೊರೆ ಸ್ಲ್ಯಾಗ್ ಕಟ್ಟಿಸಿ ರಂಜಕವನ್ನು ಬೇಗ ಹಿಡಿದು, ಆ ಸ್ಲ್ಯಾಗನ್ನು ಬಾಗಿಲಿನಿಂದ ಹರಿಸಿಬಿಡಬೇಕು. ಆಮೇಲೆ ಶಾಖ ಏರಿಸಬೇಕು. ಕ್ರಮ ತಪ್ಪಿದರೆ ಹಿಡಿದ ರಂಜಕ ಉಕ್ಕಿಗೆ ವಾಪಸ್ ಬರುತ್ತದೆ.

ಮುಂದಿನ ಗಂಡಾಂತರ ಉಕ್ಕು ಇಳಿಸುವಾಗ. ಹಳೆಯ ಕುಲುಮೆಗಳನ್ನು ಬಾಗಿಸಿ ಮೂತಿಯಿಂದ ಸುರಿಯುತ್ತಿದ್ದರು. ಆಗ ಕುಲುಮೆಯ ಕಪ್ಪು ಸ್ಲ್ಯಾಗೂ ಲ್ಯಾಡಲ್‌ಗೆ ಜಾರುತ್ತಿತ್ತು. ಅದರಲ್ಲಿರುವ ಐರನ್ ಆಕ್ಸೈಡ್ ಮತ್ತು ಮ್ಯಾಂಗನೀಸ್ ಆಕ್ಸೈಡ್, ಉಕ್ಕಿನಲ್ಲಿ ಕರಗಿರುವ ಅಲ್ಯುಮಿನಿಯಂನ್ನು ತಿನ್ನುತ್ತಾ ಎರಕದವರೆಗೂ ಹೊಸ ಅಲ್ಯುಮಿನಾ ಹುಟ್ಟಿಸುತ್ತಲೇ ಇರುತ್ತವೆ. ಒಂದು ಬದಿಯ ತಳದಲ್ಲಿ ರಂಧ್ರವಿರುವ ಕುಲುಮೆ (ಇಬಿಟಿ) ಬಂದದ್ದು ಇದಕ್ಕೇ. ಹೀಟ್‌ನ ಹತ್ತು, ಹದಿನೈದು ಶೇಕಡಾ ಉಕ್ಕನ್ನು ಕುಲುಮೆಯಲ್ಲೇ ಉಳಿಸಿ, ಸ್ಲ್ಯಾಗ್ ರಂಧ್ರಕ್ಕೆ ಬರುವ ಮೊದಲೇ ಕುಲುಮೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಪೂರ್ತಿ ಬಸಿದುಕೊಳ್ಳುವ ಆಸೆ ಬಿದ್ದ ದಿನ ಶುಚಿತ್ವ ಹೋಯಿತೆಂದೇ ಲೆಕ್ಕ.

ಟೈಟಾನಿಯಂ ಒಳಗೆ ಬರುವುದೂ ಈ ಹಂತದಲ್ಲೇ, ಫೆರೋಕ್ರೋಮ್ (ಕ್ರೋಮಿಯಂ ಕೊಡಲು ಹಾಕುವ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹ) ಬೆನ್ನೇರಿ. 100 ಟನ್‌ಗೆ 1.45% ಕ್ರೋಮಿಯಂ ಕೊಡಲು 60% ಕ್ರೋಮಿಯಂ ಇರುವ ಫೆರೋಕ್ರೋಮ್ ಸುಮಾರು 2.4 ಟನ್ ಬೇಕು. ಅದರಲ್ಲಿ ಟೈಟಾನಿಯಂ 0.3% ಇದ್ದರೆ 7 ಕೆ.ಜಿ., ಪೂರ್ತಿ ಉಳಿದರೆ ಉಕ್ಕಿನಲ್ಲಿ 70 ಪಿಪಿಎಂ. 0.02% ಇರುವ ಮಾಲು ತಂದರೆ 5 ಪಿಪಿಎಂ. ಖರೀದಿ ವಿಭಾಗ ಇಲ್ಲಿ ಉಳಿಸಿದ ದುಡ್ಡನ್ನು ಮುಂದೆ ಯಾವ ಘಟಕವೂ ಸರಿಪಡಿಸಲಾರದು, ಏಕೆಂದರೆ ಅಲ್ಯುಮಿನಿಯಂ ಹಾಕಿದ ಮೇಲೆ ಟೈಟಾನಿಯಂ ಉಕ್ಕು ಬಿಟ್ಟು ಹೋಗುವುದಿಲ್ಲ. ಸ್ಲ್ಯಾಗ್‌ಗೆ ಹೋದದ್ದು ಕೂಡ ಅಪಕರ್ಷಣಗೊಂಡು ಮರಳುತ್ತದೆ. ಕೊಪ್ಪಳದ ಗಿಣಿಗೇರಾದಂತೆ ಊದುಕುಲುಮೆಯ ದ್ರವಕಬ್ಬಿಣದಿಂದ ಉಕ್ಕು ಮಾಡುವ ಕಡೆ ಲೆಕ್ಕ ಸ್ವಲ್ಪ ಬೇರೆ: ಗುಜರಿಯ ಜೊತೆ ಬರುವ ತಾಮ್ರ, ತವರದ ಕಾಟ ಕಡಿಮೆ, ಆದರೆ ಟೈಟಾನಿಯಂ ದ್ರವಕಬ್ಬಿಣದ ಮೂಲಕವೂ ಬರುತ್ತದೆ. ಊದುವಾಗ ಅದು ಸ್ಲ್ಯಾಗ್‌ಗೆ ಸೇರಿಕೊಳ್ಳುವುದರಿಂದ ಅಲ್ಲಿ ಸ್ಲ್ಯಾಗ್ ತಡೆಯುವ ಕೆಲಸಕ್ಕೆ ಎರಡು ಪಟ್ಟು ಬೆಲೆ.

ಲ್ಯಾಡಲ್ ಮತ್ತು ನಿರ್ವಾತ

ಲ್ಯಾಡಲ್ ಫರ್ನೆಸ್‌ನಲ್ಲಿ ಹೊಸ ಸ್ಲ್ಯಾಗ್ ಕಟ್ಟುತ್ತಾರೆ: ಸುಣ್ಣ ಅರ್ಧಕ್ಕಿಂತ ಹೆಚ್ಚು, ಅಲ್ಯುಮಿನಾ ಕಾಲು ಭಾಗದ ಮೇಲೆ, ಸಿಲಿಕಾ 10%ಗಿಂತ ಕಡಿಮೆ, ಮ್ಯಾಗ್ನೀಷಿಯಾ 5ರಿಂದ 8%. ಐರನ್ ಆಕ್ಸೈಡ್ ಮತ್ತು ಮ್ಯಾಂಗನೀಸ್ ಆಕ್ಸೈಡ್ ಎರಡೂ ಸೇರಿ 1% ದಾಟಬಾರದು. ಅನುಭವಿ ಕೆಲಸಗಾರ ಸ್ಲ್ಯಾಗ್ ಮಾದರಿ ತೆಗೆದು ತಣಿಸಿ ಬಣ್ಣ ನೋಡಿಯೇ ಹೇಳುತ್ತಾನೆ. ಬಿಳಿಯಾಗಿ, ತಣಿದ ಮೇಲೆ ಹಿಟ್ಟಾಗಿ ಉದುರಿದರೆ ಸರಿ. ಕಪ್ಪು ಅಥವಾ ಹಸಿರು ಛಾಯೆ ಇದ್ದರೆ ಇನ್ನೂ ಆಕ್ಸೈಡ್ ಇದೆ.

ಇಲ್ಲೊಂದು ಇಕ್ಕಟ್ಟಿದೆ. ಸ್ಲ್ಯಾಗ್‌ನಲ್ಲಿ ಸುಣ್ಣ ಹೆಚ್ಚಿದಷ್ಟೂ ಆಕ್ಸಿಜನ್ ಮತ್ತು ಗಂಧಕ ಚೆನ್ನಾಗಿ ಇಳಿಯುತ್ತವೆ. ಆದರೆ ಅತಿ ಹೊತ್ತು, ಅತಿ ಬಿರುಸಾಗಿ ಕಲಕಿದರೆ ಉಕ್ಕಿನ ಅಲ್ಯುಮಿನಿಯಂ ಸ್ಲ್ಯಾಗ್‌ನಿಂದ ಮತ್ತು ಲ್ಯಾಡಲ್ ಇಟ್ಟಿಗೆಯಿಂದ ಮ್ಯಾಗ್ನೀಷಿಯಂ, ಕ್ಯಾಲ್ಸಿಯಂಗಳನ್ನು ಬಿಡಿಸಿ ತರುತ್ತದೆ. ಅಲ್ಯುಮಿನಾ ಮೊದಲು ಸ್ಪಿನೆಲ್ ಆಗುತ್ತದೆ, ಆಮೇಲೆ ದ್ರವರೂಪದ ಕ್ಯಾಲ್ಸಿಯಂ ಅಲ್ಯುಮಿನೇಟ್. ದ್ರವ ಕಣಕ್ಕೆ ಉಕ್ಕು ಅಂಟುತ್ತದೆ, ಆದ್ದರಿಂದ ಅದು ಅಲ್ಯುಮಿನಾದಷ್ಟು ಸುಲಭವಾಗಿ ಬೇರ್ಪಟ್ಟು ತೇಲುವುದಿಲ್ಲ. ಬೇರೆ ಉಕ್ಕುಗಳಲ್ಲಿ ಎರಕದ ಮೂತಿ ಕಟ್ಟಿಕೊಳ್ಳದಿರಲೆಂದು ಬೇಕೆಂದೇ ಕ್ಯಾಲ್ಸಿಯಂ ತಂತಿ ಹಾಕುವ ರೂಢಿ ಇದೆ. ಬೇರಿಂಗ್ ಉಕ್ಕಿನಲ್ಲಿ ಅದಕ್ಕೆ ನಿಷೇಧ.

ಆರ್‌ಎಚ್ ಘಟಕದ ಬೆಲೆ ಗೊತ್ತಾಗುವುದು ಇಲ್ಲೇ. 1950ರ ದಶಕದಲ್ಲಿ ಜರ್ಮನಿಯ ರೂರ್‌ಸ್ಟಾಲ್ ಮತ್ತು ಹೆರೇಯಸ್ ಕಂಪನಿಗಳು ರೂಪಿಸಿದ ಈ ಸಾಧನದಲ್ಲಿ ನಿರ್ವಾತ ಪಾತ್ರೆಯ ಎರಡು ಕಾಲುಗಳನ್ನು ಉಕ್ಕಿಗೆ ಅದ್ದುತ್ತಾರೆ. ಒಂದು ಕಾಲಿಗೆ ಆರ್ಗಾನ್ ಬಿಟ್ಟರೆ ಉಕ್ಕು ಮೇಲೇರಿ ಇನ್ನೊಂದರಿಂದ ಇಳಿಯುತ್ತದೆ. ಒತ್ತಡ ಒಂದು ಟಾರ್ (ವಾತಾವರಣದ ಒತ್ತಡದ 760ರಲ್ಲೊಂದು ಪಾಲು) ಅಥವಾ ಅದಕ್ಕೂ ಕೆಳಗೆ. ಹೈಡ್ರೋಜನ್ 2 ಪಿಪಿಎಂ ಕೆಳಗಿಳಿಯುವುದು ಬೇಗ. ಆದರೆ ಬೇರಿಂಗ್ ಉಕ್ಕನ್ನು ಅಷ್ಟಕ್ಕೇ ನಿಲ್ಲಿಸದೆ ಇನ್ನೂ ಸುತ್ತಿಸುತ್ತಾರೆ. ಯಾಕೆಂದು ಸ್ಟೋಕ್ಸ್ ಸೂತ್ರ ಹೇಳುತ್ತದೆ: 100 ಮೈಕ್ರಾನ್ ಅಲ್ಯುಮಿನಾ ಕಣ ನಿಂತ ಉಕ್ಕಿನಲ್ಲಿ ನಿಮಿಷಕ್ಕೆ 16 ಸೆಂ.ಮೀ. ಮೇಲೇರುತ್ತದೆ, ಎರಡೂವರೆ ಮೀಟರ್ ಆಳದ ಲ್ಯಾಡಲ್‌ನಿಂದ ಕಾಲು ಗಂಟೆಯಲ್ಲಿ ಹೊರಗೆ. 10 ಮೈಕ್ರಾನ್ ಕಣ ನಿಮಿಷಕ್ಕೆ ಎರಡು ಮಿಲಿಮೀಟರೂ ಏರುವುದಿಲ್ಲ, ಅದಕ್ಕೆ 25 ಗಂಟೆ ಬೇಕು. ಸಣ್ಣ ಕಣಗಳು ತಾವಾಗಿ ತೇಲುವುದಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆದು ಗೊಂಚಲಾಗಬೇಕು, ಆಗಲೇ ಏರುತ್ತವೆ. ಆರ್‌ಎಚ್ ಸುತ್ತಾಟ ಆ ಡಿಕ್ಕಿಗಳನ್ನು ಮಾಡಿಸುತ್ತದೆ, ಅದೇ ಹೊತ್ತಿಗೆ ಲ್ಯಾಡಲ್ ಮೇಲಿನ ಸ್ಲ್ಯಾಗನ್ನು ಹೆಚ್ಚು ಕದಡುವುದಿಲ್ಲ. ಇಡೀ ಲ್ಯಾಡಲ್ಲನ್ನೇ ನಿರ್ವಾತ ತೊಟ್ಟಿಯಲ್ಲಿಟ್ಟು ತಳದಿಂದ ಆರ್ಗಾನ್ ಬಿಡುವ ವಿಧಾನದಲ್ಲಿ ಗಂಧಕ ಚೆನ್ನಾಗಿ ಹೋಗುತ್ತದೆ, ಆದರೆ ಸ್ಲ್ಯಾಗ್ ಹನಿಗಳು ಉಕ್ಕಿನೊಳಗೆ ಒಡೆದು ಸೇರುತ್ತವೆ. ತೊಟ್ಟಿ ಮಾತ್ರ ಇರುವವರು ನಿರ್ವಾತ ಮುಗಿದ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆ ಮೇಲ್ಮೈ ಒಡೆಯದಷ್ಟು ಮೆಲ್ಲಗೆ ಆರ್ಗಾನ್ ಬಿಡಬೇಕು. ಸ್ಲ್ಯಾಗ್ ಸರಿದು ಉಕ್ಕಿನ ಕಣ್ಣು ತೆರೆದು ಕೆಂಪಗೆ ಕಂಡರೆ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ.

ಎರಕದಲ್ಲಿ ಕೆಡಿಸಿಕೊಳ್ಳುವುದು

ಲ್ಯಾಡಲ್‌ನಲ್ಲಿ 6 ಪಿಪಿಎಂಗೆ ತಂದ ಉಕ್ಕನ್ನು ಎರಕದಲ್ಲಿ 10 ಮಾಡಿಕೊಳ್ಳುವುದು ಕಷ್ಟವೇನಲ್ಲ. ಲ್ಯಾಡಲ್ ಮತ್ತು ಟಂಡಿಷ್ (ಅಚ್ಚಿನ ಮೇಲಿನ ನಡುವಣ ತೊಟ್ಟಿ) ನಡುವಿನ ಕೊಳವೆಯ ಕೀಲಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಹರಿಯುವ ಉಕ್ಕು ಗಾಳಿ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದು, ಆದರೆ ನೈಟ್ರೋಜನ್ ಹೇಳಿಬಿಡುತ್ತದೆ: ಲ್ಯಾಡಲ್ ಮಾದರಿಗಿಂತ ಟಂಡಿಷ್ ಮಾದರಿಯಲ್ಲಿ ನೈಟ್ರೋಜನ್ ಹೆಚ್ಚಿದ್ದರೆ ಆ ಗಾಳಿಯ ಆಕ್ಸಿಜನ್ ಕೂಡ ಒಳಗೆ ಹೋಗಿ ಅಲ್ಯುಮಿನಾ ಆಗಿದೆ. ಕೀಲಿಗೆ ಆರ್ಗಾನ್ ಪೊರೆ, ಹೊಸ ಗ್ಯಾಸ್ಕೆಟ್, ಎರಕಕ್ಕೆ ಮೊದಲು ಟಂಡಿಷ್‌ನೊಳಗಿನ ಗಾಳಿಯನ್ನು ಆರ್ಗಾನ್‌ನಿಂದ ತಳ್ಳುವುದು, ಇವೆಲ್ಲ ಸಣ್ಣ ಖರ್ಚುಗಳು.

ಇನ್ನೊಂದು ಮೂಲವನ್ನು ಬಹಳ ಕಡೆ ಮರೆಯುತ್ತಾರೆ. ಲ್ಯಾಡಲ್ ತಳದ ರಂಧ್ರವನ್ನು ಮುಚ್ಚಿರುವ ಮರಳು. ಗೇಟ್ ತೆಗೆದ ಕೂಡಲೇ ಅಷ್ಟೂ ಮರಳು ಟಂಡಿಷ್‌ಗೆ ಬೀಳುತ್ತದೆ. ಅದರಲ್ಲಿನ ಸಿಲಿಕಾ, ಕ್ರೋಮ್ ಆಕ್ಸೈಡ್ ಎರಡೂ ಅಲ್ಯುಮಿನಿಯಂ ಜೊತೆ ಕೂಡಲೇ ವರ್ತಿಸುತ್ತವೆ. ಲ್ಯಾಡಲ್ ಬದಲಿಸುವ ಹೊತ್ತಿನ ಎರಕದಲ್ಲಿ ದೊಡ್ಡ ಕಣ ಹೆಚ್ಚಿರಲು ಇದೊಂದು ಕಾರಣ. ಆ ಭಾಗದ ಬ್ಲೂಮನ್ನು (ಎರಕದಿಂದ ಬರುವ ದಪ್ಪ ಉಕ್ಕಿನ ತೊಲೆ) ಗುರುತಿಸಿ ಬೇರಿಂಗ್‌ಗೆ ಕೊಡದೆ ಬೇರೆ ದರ್ಜೆಗೆ ತಿರುಗಿಸುವುದೇ ಪ್ರಾಮಾಣಿಕ ದಾರಿ. ಎರಕದ ಆರಂಭದ ಮತ್ತು ಕೊನೆಯ ತುಂಡುಗಳಿಗೂ ಇದೇ ನಿಯಮ. ಅಚ್ಚಿಗೆ ಇಳಿಯುವ ಮೂತಿಯ ಒಳಗೋಡೆಯಲ್ಲಿ ಅಲ್ಯುಮಿನಾ ಪದರ ಕಟ್ಟಿ ತಟ್ಟನೆ ಕಳಚಿದರೆ ನೂರಾರು ಮೈಕ್ರಾನಿನ ಗೊಂಚಲು ನೇರ ಬ್ಲೂಮ್ ಸೇರುತ್ತದೆ. ಮೂತಿಯ ಹರಿವನ್ನು ಹಿಡಿದಿಡುವ ತಡೆ ಕಂಬಿಯ ಸ್ಥಾನದಲ್ಲಿ ಹಠಾತ್ ಜಿಗಿತ ದಾಖಲಾಗಿದ್ದರೆ ಆ ಮೀಟರುಗಳನ್ನೂ ನಂಬಬಾರದು.

ಹಿಮೆಜಿಯವರು ನೇರ ಲಂಬ ಎರಕಯಂತ್ರ ಆರಿಸಿಕೊಂಡದ್ದು ಮುಖ್ಯ ನಿರ್ಧಾರ. ಬಾಗಿದ ಯಂತ್ರದಲ್ಲಿ ಮೇಲೇರುವ ಕಣಗಳು ಒಳಬಾಗಿನ ಗೋಡೆಗೆ ತಾಗಿ ಅಲ್ಲೇ ಹೆಪ್ಪುಗಟ್ಟುತ್ತವೆ, ಬ್ಲೂಮ್‌ನ ಒಂದು ಬದಿಯಲ್ಲಿ ಪಟ್ಟಿಯಾಗಿ ಸೇರುತ್ತವೆ. ಲಂಬ ಯಂತ್ರದಲ್ಲಿ ಅವುಗಳಿಗೆ ಅಚ್ಚಿನ ಮೇಲ್ಮೈವರೆಗೂ ದಾರಿ ತೆರೆದಿರುತ್ತದೆ. ಬೆಲೆ ತೆರಬೇಕಾದದ್ದು ಕಟ್ಟಡದ ಎತ್ತರಕ್ಕೆ ಮತ್ತು ನಿಧಾನ ವೇಗಕ್ಕೆ.

1% ಇಂಗಾಲದ ಉಕ್ಕು ನಡುವಿನಲ್ಲಿ ಇಂಗಾಲ, ಕ್ರೋಮಿಯಂ ಒಟ್ಟುಗೂಡಿಸಿಕೊಂಡು ಒರಟು ಕಾರ್ಬೈಡ್ ಕಟ್ಟುವ ಸಮಸ್ಯೆ ಬೇರೆಯೇ ಇದೆ. ಕರಗುಬಿಂದುವಿಗಿಂತ 20ರಿಂದ 30 ಡಿಗ್ರಿ ಮಾತ್ರ ಮೇಲಿಟ್ಟು ಎರೆಯುವುದು, ವಿದ್ಯುತ್ಕಾಂತ ಕಲಕು, ಆಮೇಲೆ 1200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ನೆನೆಸುವುದು ಅದರ ಮದ್ದು.

5 ಪಿಪಿಎಂ ಮುಚ್ಚಿಟ್ಟ ವಿಷಯ

ಇಷ್ಟಾದ ಮೇಲೆ ಒಂದು ಗೊಂದಲ ಎದುರಾಯಿತು. ಆಕ್ಸಿಜನ್ ಒಂದೇ ಇರುವ ಎರಡು ಹೀಟ್‌ಗಳ ಬಾಳಿಕೆ ಬೇರೆ ಬೇರೆ. ಸ್ಲ್ಯಾಗ್ ಮೂಲಕ ಮರುಕರಗಿಸಿದ ಉಕ್ಕಿನಲ್ಲಂತೂ ಆಕ್ಸಿಜನ್ ಹೆಚ್ಚೇ ಇದ್ದರೂ ಬಾಳಿಕೆ ಉತ್ತಮ. ಪಿಪಿಎಂ ಒಟ್ಟು ತೂಕ ಹೇಳುತ್ತದೆ, ಅದು ಎಷ್ಟು ತುಂಡುಗಳಾಗಿ ಹಂಚಿಹೋಗಿದೆ ಎಂಬುದನ್ನಲ್ಲ. 5 ಪಿಪಿಎಂ ಆಕ್ಸಿಜನ್ ಪೂರ್ತಿ 10 ಮೈಕ್ರಾನ್ ಅಲ್ಯುಮಿನಾ ಗುಂಡುಗಳಾಗಿದ್ದರೆ ಒಂದು ಕೆ.ಜಿ. ಉಕ್ಕಿನಲ್ಲಿ ಅಂಥವು ಸುಮಾರು 50 ಲಕ್ಷ. ಅದೇ ತೂಕ 100 ಮೈಕ್ರಾನ್ ಗುಂಡುಗಳಾದರೆ 5 ಸಾವಿರ. ವಿಶ್ಲೇಷಣಾ ಯಂತ್ರಕ್ಕೆ ಎರಡೂ ಒಂದೇ. ಬೇರಿಂಗ್‌ಗೆ ಎರಡನೆಯದು ಯಮ.

ಸೂಕ್ಷ್ಮದರ್ಶಕವೂ ಕೈಕೊಟ್ಟಿತು. ರೂಢಿಯ ತಪಾಸಣೆಯಲ್ಲಿ 160 ಚದರ ಮಿ.ಮೀ. ಪಾಲಿಶ್ ಮಾಡಿ ನೋಡುತ್ತಾರೆ. 100 ಮೈಕ್ರಾನ್ ಕಣವೊಂದು ಆ ತಲಕ್ಕೆ ತಾಗಬೇಕಾದರೆ ಅದು ಸುಮಾರು 0.1 ಮಿ.ಮೀ. ದಪ್ಪದ ಪದರದೊಳಗಿರಬೇಕು, ಅಂದರೆ 16 ಘನ ಮಿ.ಮೀ., 0.125 ಗ್ರಾಂ ಉಕ್ಕು. ಕೆ.ಜಿ.ಗೆ ಅಂಥ 10 ಕಣಗಳಿದ್ದರೆ ಒಂದನ್ನು ಕಾಣಲು 800 ಮಾದರಿ ಪಾಲಿಶ್ ಮಾಡಬೇಕು. ವರದಿಯಲ್ಲಿ ಎಲ್ಲ ಸಾಲುಗಳಲ್ಲೂ ಕಣಗಳ ಅಂಕ ಸೊನ್ನೆ, ಅರ್ಧ ಎಂದು ಬರುತ್ತದೆ. ಒಳ್ಳೆಯ ಹೀಟ್ ಯಾವುದು, ಕೆಟ್ಟದ್ದು ಯಾವುದು ತಿಳಿಯುವುದಿಲ್ಲ.

ಇದಕ್ಕೆ ಎರಡು ಉತ್ತರ ಬಂದವು. ಒಂದು, ಕ್ಯೂಶು ವಿಶ್ವವಿದ್ಯಾಲಯದ ಯುಕಿತಾಕ ಮುರಾಕಾಮಿ ಬೆಳೆಸಿದ ವಿಧಾನ: ಪ್ರತಿ ತಪಾಸಣಾ ಕ್ಷೇತ್ರದ ಅತಿ ದೊಡ್ಡ ಕಣವನ್ನು ಮಾತ್ರ ತೆಗೆದುಕೊಂಡು, ಅದರ ಕ್ಷೇತ್ರಫಲದ ವರ್ಗಮೂಲ ಬರೆದು, ಅಂಥ ಹಲವು ಅಂಕಿಗಳನ್ನು ಗಂಬೆಲ್ ನಕ್ಷೆಗೆ (ಅತಿ ದೊಡ್ಡ ಬೆಲೆಗಳ ಸಂಖ್ಯಾಶಾಸ್ತ್ರದ ನಕ್ಷೆ) ಹಾಕಿ, ಸಾವಿರ ಪಟ್ಟು ದೊಡ್ಡ ಕ್ಷೇತ್ರದಲ್ಲಿ ಎಷ್ಟು ದೊಡ್ಡದು ಸಿಗಬಹುದೆಂದು ಅಂದಾಜಿಸುವುದು. ಅಮೆರಿಕದ ಎಎಸ್‌ಟಿಎಂ ಇ2283 ಮಾನಕದಲ್ಲಿ ಇದಕ್ಕೆ 6 ಮಾದರಿ, ತಲಾ 4 ಬಾರಿ, ಒಟ್ಟು 24 ಅಳತೆ. ಮುರಾಕಾಮಿ ಸೂತ್ರದಲ್ಲಿ ದಣಿವಿನ ಮಿತಿ ಆ ವರ್ಗಮೂಲದ ಆರನೇ ಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಕಣ 20ರಿಂದ 60 ಮೈಕ್ರಾನ್ ಆದರೆ ತಡೆಯುವ ಶಕ್ತಿ ಸುಮಾರು 17% ಕಡಿಮೆ. ಕೇಳಲು ಅಲ್ಪ, ಆದರೆ ಬಾಲ್ ಬೇರಿಂಗ್ ಬಾಳಿಕೆ ಹೊರೆಯ ಘನಕ್ಕೆ ಪ್ರತಿಕ್ರಿಯಿಸುವ ವಸ್ತು.

ಎರಡನೆಯದು ಶ್ರವಣಾತೀತ ಧ್ವನಿ. ಹೆಚ್ಚು ಆವರ್ತನದ ಶೋಧಕವನ್ನು ನೀರಿನಲ್ಲಿಟ್ಟು ಸರಳಿನ ತುಂಡನ್ನು ಸ್ಕ್ಯಾನ್ ಮಾಡಿದರೆ ಗ್ರಾಂ ಲೆಕ್ಕದಿಂದ ಕೆ.ಜಿ. ಲೆಕ್ಕಕ್ಕೆ ಏರಬಹುದು. ಸಿಕ್ಕ ಕಣವನ್ನು ಕತ್ತರಿಸಿ ಅದರ ರಸಾಯನ ನೋಡಿದರೆ ಮೂಲ ಸಿಕ್ಕಂತೆ: ಶುದ್ಧ ಅಲ್ಯುಮಿನಾ ಗೊಂಚಲಾದರೆ ಗಾಳಿ ಅಥವಾ ಮೂತಿ, ಕ್ಯಾಲ್ಸಿಯಂ ಇದ್ದರೆ ಲ್ಯಾಡಲ್ ಸ್ಲ್ಯಾಗ್, ಸೋಡಿಯಂ ಕಂಡರೆ ಅಚ್ಚಿನಲ್ಲಿ ಉಕ್ಕಿನ ಮೇಲೆ ಹರಡುವ ಪುಡಿ. ಸಾನ್ಯೋ ಮುಂದೆ ಎಸ್‌ಯುಆರ್‌ಪಿ ಎಂಬ ಹೆಸರಿನಲ್ಲಿ ರೂಪಿಸಿದ ಸರಣಿ ಈ ದೊಡ್ಡ ಕಣಗಳನ್ನೇ ಗುರಿ ಮಾಡಿಕೊಂಡದ್ದು.

ಉಕ್ಕು ಕೊಳ್ಳುವವರಿಗೆ ಇದರಿಂದ ಸಿಗುವ ಕೆಲಸದ ಮಾತು: ಆಕ್ಸಿಜನ್ 15 ಪಿಪಿಎಂ ಮಿತಿ ಎಂಬ ಮಾನಕದ ಸಾಲಿಗೆ ನಿಲ್ಲಬೇಡಿ. ಹೀಟ್‌ವಾರು ಆಕ್ಸಿಜನ್, ಟೈಟಾನಿಯಂ, ಕ್ಯಾಲ್ಸಿಯಂ ಅಂಕಿಗಳನ್ನು ಕೇಳಿ. ಅಂದಾಜಿಸಿದ ಅತಿ ದೊಡ್ಡ ಕಣದ ಗಾತ್ರ ಕೇಳಿ. ಲ್ಯಾಡಲ್ ಬದಲಾವಣೆಯ ತುಂಡುಗಳು ಎಲ್ಲಿ ಹೋದವೆಂದು ಕೇಳಿ. ಉತ್ತರ ತಡವರಿಸಿದರೆ ಅವು ನಿಮಗೇ ಬಂದಿವೆ.

ಇಷ್ಟು ಶುಚಿಯಾದ ಉಕ್ಕೂ ಕೆಲವು ಕಡೆ ದಂಡ. ಗೇರ್‌ಬಾಕ್ಸ್ ಎಣ್ಣೆಯಲ್ಲಿ ಲೋಹದ ಪುಡಿ ತೇಲುತ್ತಿದ್ದರೆ ಅದು ರೇಸ್ ಮೇಲೆ ಕುಳಿ ಒತ್ತುತ್ತದೆ, ಕುಳಿಯ ಅಂಚಿನಿಂದಲೇ ಚಕ್ಕೆ ಏಳುತ್ತದೆ, ಒಳಗಿನ ಕಣಕ್ಕೆ ಸರದಿ ಬರುವುದೇ ಇಲ್ಲ. ಅಂಥ ಜಾಗಕ್ಕೆ ದುಡ್ಡು ಹಾಕಬೇಕಾದದ್ದು ಸೀಲ್ ಮತ್ತು ಫಿಲ್ಟರ್‌ಗೆ, ಇಲ್ಲವೇ ಮೇಲ್ಪದರಕ್ಕೆ ಇಂಗಾಲ, ನೈಟ್ರೋಜನ್ ಎರಡನ್ನೂ ಊಡಿಸಿ ಆಸ್ಟೆನೈಟ್ ಎಂಬ ಉಕ್ಕಿನ ಮೆತ್ತನೆಯ ರೂಪವನ್ನು 25ರಿಂದ 30% ಉಳಿಸಿದ ರೇಸ್‌ಗೆ. ಆ ಆಸ್ಟೆನೈಟ್ ಕುಳಿಯ ಅಂಚನ್ನು ಸ್ವಲ್ಪ ಬಗ್ಗಿಸಿ ಒತ್ತಡ ಹಂಚುತ್ತದೆ.